ಹಾಯಿಯ ಮೂರನೆಯ ಪಟ್ಟಿ

ಬಿಳಿಯ ಮೇಲೆ ಕಪ್ಪು ಗೆರೆ, ಬಾಗಿದ ಗೆರೆ, ಬಿಲ್ಲಿನ ಹಾಗೆ ಎನ್ನುವಂತಿಲ್ಲ, ಬಿಲ್ಲು ಎರಡೂ ಕಡೆ ಸಮ, ಇದು ಮುಂದೆ ಹೊಟ್ಟೆ ಬಿಟ್ಟು ಹಿಂದೆ ಸಪಾಟಾಗುತ್ತದೆ, ಹಾಗಿದ್ದರೇ ಅದು ಹಾಯಿ — ಸ್ನೇಹಲ ಚಿತ್ರವನ್ನು ಹಿಗ್ಗಿಸುತ್ತಾಳೆ, ಗೆರೆಯ ಅಂಚು ಚೌಕ ಚೌಕವಾಗಿ ಒಡೆಯುತ್ತದೆ, ಸಾಕು, ಇದಕ್ಕಿಂತ ಹಿಗ್ಗಿಸಿದರೆ ಕಾಣುವುದು ಹಾಯಿಯಲ್ಲ, ಬರೀ ಚುಕ್ಕೆ. ಹೊರಗೆ ರಾಯಬಾಗದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮರಾಠಿ ಹಾಡು ಹಚ್ಚಿಕೊಂಡು ಹೋಗುತ್ತಿದೆ, ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತದೆ, ಅವಳು ಅದನ್ನು ಪಕ್ಕಕ್ಕೆ ಸರಿಸುತ್ತಾಳೆ. ಅತ್ತೆ ರುಕ್ಮವ್ವ ಬಾಗಿಲಲ್ಲಿ ನಿಂತಿದ್ದಾಳೆ, ಮುಂಜಾನಿಂದ ಏನ ನೋಡ್ತೀ ಬೇ ಅದರಾಗ, ಬಿಳೇ ಅರಬಿ ಒಣಾಕ ಹಾಕಿದಂಗ ಐತಿ, ಚಾ ಆರಿ ಹೋತು, ಇನ್ನೊಮ್ಮಿ ಕಾಸಂಗಿಲ್ಲ ನಾ. ಹೂನ್ರಿ ಅತ್ತಿ, ಕುಡಿತೀನಿ. ಕುಡಿಯುವುದಿಲ್ಲ. ಹಾಯಿಯ ಅಡ್ಡಕ್ಕೆ ಮೂರು ಕಪ್ಪು ಪಟ್ಟಿ, ಮೇಲೆ, ನಡುವೆ, ಕೆಳಗೆ, ದೋಣಿಯ ತಳದಲ್ಲಿ ಅಂಗಾತ ಮಲಗಿ ಮೇಲ್ಮುಖವಾಗಿ ಫೋಟೋ ತೆಗೆದರೆ ಮೂರೂ ಬಾಗಿ ಕಾಣುತ್ತವೆ, ಪಟ್ಟಿಯ ಎರಡು ತುದಿಗೆ ಒಂದು ನೇರ ಗೆರೆ ಎಳೆ, ಶಾಲೆಯಲ್ಲಿ ಜ್ಯಾ ಎಂದು ಕಲಿತದ್ದೇ ಅದು, ಅಲ್ಲಿಂದ ಹೊಟ್ಟೆ ಎಷ್ಟು ಆಳ, ಹಾಯಿ ಕಟ್ಟಿದ ಕಂಬದಿಂದ ಎಷ್ಟು ದೂರಕ್ಕೆ ಆ ಆಳ, ಇಷ್ಟೇ ಲೆಕ್ಕ, ಇಷ್ಟರಲ್ಲೇ ಹಾಯಿಯ ವಯಸ್ಸು ತಿಳಿಯುತ್ತದೆ, ಹಳತಾದ ಬಟ್ಟೆಯ ಹೊಟ್ಟೆ ಹಿಂದಕ್ಕೆ ಜಾರುತ್ತದೆ, ಜಾರಿದರೆ ದೋಣಿ ಮುಂದೆ ಓಡುವ ಬದಲು ಪಕ್ಕಕ್ಕೆ ವಾಲುತ್ತದೆ.

ಫೋನಿನಲ್ಲಿ ಮಾಳೇಶ, ಪಾಲಬಾವಿಯ ಹುಡುಗ, ಅವಳ ಗಂಡ ವಿಕ್ರಾಂತನ ಪಲ್ಟಣಿನವನು, ಒಂದೇ ದೋಣಿಯಲ್ಲಿ ವಿಕ್ರಾಂತ ಚುಕ್ಕಾಣಿಗೆ, ಇವನು ಮುಂದಿನ ಹಗ್ಗಕ್ಕೆ, ಈಗ ಚುಕ್ಕಾಣಿಯೂ ಇವನದೇ. ವೈನಿ, ಮಧ್ಯಾಹ್ನಕ್ಕ ರೇಸಿನ ಪಂಚರು ಬಂದು ಠಸ್ಸೆ ಹೊಡೀತಾರ, ಯಾವ ಹಾಯಿಗೆ ಠಸ್ಸೆ ಬೀಳತೈತಿ ಅದರ ಮ್ಯಾಲೇ ಎಲ್ಲಾ ರೇಸ ಹೊಡೀಬೇಕು, ಆಮ್ಯಾಲ ಬದ್ಲಿ ಮಾಡಾಕ ಬರಂಗಿಲ್ಲ, ಇದರಾಗ ಗೆದ್ರ ಟೀಮಿನ್ಯಾಗ ಉಳೀತೇನಿ, ಇಲ್ಲಾಂದ್ರ ವಾಪಸ್ ಪರೇಡಿಗೆ. ಹಿಂದೆ ಮುಂಬೈಯ ಗಾಳಿ, ಯಾರದೋ ಶಿಳ್ಳೆ. ಖರೆ ಹೇಳ್ಲೇನ್ರಿ, ಹಳೀದ ಇರ್ಲಿ ಅಂತ ನನ್ನ ಮನಸಿನಾಗ, ಅದು ಅಣ್ಣನ ಹಾಯಿ. ಮನಸಿಂದ ಹೇಳಬ್ಯಾಡ, ನಿನ್ನೆ ಕಳಿಸಿದ ಫೋಟೋ ಹಳೇ ಹಾಯೀದ ಹೌದಲ್ಲೋ. ಹೌದ್ರಿ ವೈನಿ, ನಾನ ಮಲಗಿ ತಗದೇನಿ, ಬೆನ್ನೆಲ್ಲಾ ತೊಯ್ತು. ಚಲೋ ಬಂದಾವ, ಫೋನ್ ಇಡು, ಹೇಳ್ತೀನಿ. ಹೇಳುತ್ತಾಳೆ, ಅನುಮಾನವಿಲ್ಲ, ನಿನ್ನೆಯ ಫೋಟೋದ ಪಕ್ಕಕ್ಕೆ ಅದೇ ಹಾಯಿ ಹೊಸದಾಗಿದ್ದಾಗಿನ ಫೋಟೋ, ವಿಕ್ರಾಂತ ತೆಗೆದದ್ದು, ಎರಡರ ವ್ಯತ್ಯಾಸವೇ ಉತ್ತರ, ಅದರಲ್ಲಿ ಅಣ್ಣನಿಲ್ಲ, ತಮ್ಮನಿಲ್ಲ. ಮೇಲಿನ ಪಟ್ಟಿ — ಅಂದೂ ಇಂದೂ ಹೆಚ್ಚುಕಡಿಮೆ ಒಂದೇ, ಹಾಯಿ ಗಟ್ಟಿ ಇದೆ ಎನ್ನುತ್ತದೆ. ನಡುವಿನದು — ಜಾರಿದೆ, ಸ್ವಲ್ಪ, ಆದರೆ ಜಾರಿದೆ. ಒಂದು ಸಾಕ್ಷಿ ಈ ಕಡೆ, ಒಂದು ಆ ಕಡೆ. ಮೂರನೆಯದೇ ತೀರ್ಮಾನ ಹೇಳಬೇಕು, ಮೂರನೆಯದರ ಕಂಬದ ಕಡೆಯ ತುದಿಯ ಮೇಲೆ, ಹಳೆಯ ಫೋಟೋದಲ್ಲಿ, ಕೆಳಗಿನ ಎಡ ಮೂಲೆಯಲ್ಲಿ, ಗುಲಾಬಿ ಮಬ್ಬು, ಅವನ ಹೆಬ್ಬೆರಳು.

ಅವನು ತೆಗೆದ ಎಲ್ಲ ಫೋಟೋಗಳಲ್ಲೂ ಅದು ಇದೆ. ಹೆಬ್ಬೆರಳು ಸರಸ್ರಿ ಅಂತ ಎಷ್ಟು ಸಲ ಹೇಳಿದ್ದಾಳೆ, ಬೋಟ್ ಹೊಯ್ದಾಡತೈತಿ ಮೇಡಮ್ಮಾರ, ಒಂದ ಕೈಯಾಗ ಹಗ್ಗ, ಒಂದ ಕೈಯಾಗ ಫೋನು, ಬೆರಳ ಎಲ್ಲಿಡ್ಲಿ, ಕಿಸೇದಾಗ ಇಡ್ಲೇನು. ಕೊಲ್ಲಾಪುರದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವಳನ್ನು ಮೇಡಮ್ಮಾರ ಎಂದೇ ಕರೆಯುತ್ತಿದ್ದ, ಮೊದಲ ರಜೆಯಲ್ಲಿ ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ತಾಡಪತ್ರಿ ಕಟ್ಟಿ, ಕಪ್ಪು ಟೇಪು ಅಂಟಿಸಿ, ಇಬ್ಬರೂ ಅದರ ಕೆಳಗೆ ಮಲಗಿದ್ದರು, ಗಾಳಿ ಬಂತು, ತಾಡಪತ್ರಿ ತುಂಬಿತು, ಅವಳಿಗೆ ಒಮ್ಮೆಲೇ ಅರ್ಥವಾಯಿತು, ಇದು ಬಟ್ಟೆಯಲ್ಲ, ವಕ್ರರೇಖೆ, ಸಮುದ್ರವನ್ನು ಇವತ್ತಿಗೂ ನೋಡಿಲ್ಲ, ನೋಡಬೇಕಿಲ್ಲ. ಕೆಳಗಿಂದ ರುಕ್ಮವ್ವ, ಅಯ್ಯ ಇವರ ಮಾರಿಗೀಟ, ಅರಿಷಿಣ ಒಣಹಾಕೂ ತಾಡಪತ್ರಿಗೆ ಟೇಪ ಹಚ್ಯಾರ, ಓದಿದಾಕಿ ಒಬ್ಬಾಕಿ, ಮಿಲಿಟರ್ಯಾವ ಒಬ್ಬ, ಜೋಡಿ ಬಲೇ ಐತಿ. ಹಾಯಿಯ ವಿಡಿಯೋ ಕೂಡ ಇದೆ, ಆ ಹಳೆಯ ಫೋಟೋದ ದಿನದ್ದೇ, ಬೆರಳು ಒಂದು ಗಳಿಗೆಯಾದರೂ ಎದ್ದೀತು, ಪಟ್ಟಿಯ ತುದಿ ಕಂಡೀತು ಎಂದು ಒಂದೊಂದೇ ಚೌಕಟ್ಟು ಸರಿಸುತ್ತಾಳೆ, ಹಾಯಿ ಉಬ್ಬುತ್ತದೆ, ಇಳಿಯುತ್ತದೆ, ಆಕಾಶ ವಾಲುತ್ತದೆ, ಬೆರಳು ಏಳುವುದಿಲ್ಲ, ಧ್ವನಿ ಬಂದ್ ಮಾಡಿಟ್ಟಿದ್ದಾಳೆ, ಕೊನೆಯಲ್ಲಿ ಅವನೇನೋ ಹೇಳುತ್ತಾನೆ, ಅಳತೆಗೆ ಅದು ಬೇಕಿಲ್ಲ. ವರ್ಷದ ಹಿಂದೆ, ರಜೆಗೆಂದು ಬರುವಾಗ, ಕತ್ತಲಲ್ಲಿ, ಕಾಗವಾಡದ ಹತ್ತಿರ, ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸದೆ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಲಿ, ಅವನ ಬೈಕು, ಇಷ್ಟೇ, ಇದನ್ನು ಅವಳು ಇಷ್ಟರಲ್ಲೇ ಹೇಳುತ್ತಾಳೆ, ಯಾರಿಗೇ ಆಗಲಿ.

ಬೆರಳಿನಡಿ ಏನಿದೆ ಎಂಬುದು ಊಹೆಯಲ್ಲ, ಲೆಕ್ಕ. ಕಂಬದ ಅಂಚು ಮೇಲಿನಿಂದ ಎಷ್ಟು ಬಾಗುತ್ತ ಬಂದಿದೆಯೋ ಅಷ್ಟೇ ಬಾಗುತ್ತ ಕೆಳಗಿಳಿಯಬೇಕು, ಉಬ್ಬಿದ ಪಟ್ಟಿ ಬಲದಿಂದ ಬರುತ್ತ ಬರುತ್ತ ಅದನ್ನು ಎಲ್ಲಿ ಮುಟ್ಟುತ್ತದೋ ಅಲ್ಲೇ ತುದಿ, ಎರಡು ರೇಖೆ, ಒಂದು ಬಿಂದು, ಇದಕ್ಕಿಂತ ಖಚಿತವಾದದ್ದು ಈ ಮನೆಯಲ್ಲಿ ಇನ್ನೇನೂ ಇಲ್ಲ. ಎಳೆಯುತ್ತಾಳೆ. ರೇಖೆಗಳು ಮಬ್ಬಿನೊಳಗೆ ಹೋಗುತ್ತವೆ, ಕೂಡುತ್ತವೆ, ಉಗುರು ಇರಬೇಕಾದ ಕಡೆ. ಒತ್ತುತ್ತಾಳೆ. ಕೆಂಪು ಚುಕ್ಕೆ. ಅಂಕಿ ಬರುತ್ತದೆ, ಜ್ಯಾದ ನೂರು ಪಾಲಿನಲ್ಲಿ ಹೊಟ್ಟೆಯ ಜಾಗ ಅಂದು ನಲವತ್ತೊಂದು, ಇಂದು ನಲವತ್ತೊಂಬತ್ತು, ಎಂಟು ಪಾಲು ಹಿಂದಕ್ಕೆ, ಅಬ್ಬಾ ಅಷ್ಟು, ಇನ್ನು ಮಾತಿಲ್ಲ, ಈ ಹಾಯಿಯ ಕಾಲ ಮುಗಿದಿದೆ. ಫೋನ್ ಹಚ್ಚುತ್ತಾಳೆ, ಮಾಳೇಶಾ, ಹೊಸಾದ ಹಾಕು. ಅಣ್ಣ ಇದ್ದಿದ್ರ ಏನ ಅಂತಿದ್ರೋ. ಅವರ ಫೋಟೋನ ಅಂದೈತಿ, ನಾ ಅಂದಿಲ್ಲ. ಪಕ್ಕಾನೇನ್ರಿ ವೈನಿ. ಪಕ್ಕಾ. ಆತ್ರಿ, ಹಂಗಾರ ಹೊಸಾದಕ್ಕ ಠಸ್ಸೆ ಹೊಡಸ್ತೇನಿ, ಹಳೀದನ್ನ ಏನ ಮಾಡೂದು, ಮಡಚಿ ಇಡ್ಲೇನು. ಮಡಚಬ್ಯಾಡ, ಗೀರು ಬೀಳ್ತಾವ, ಸುತ್ತಿ ಇಡು. ಸುತ್ತಿ ಇಡ್ತೇನ್ರಿ. ಮುಗಿಯಿತು, ಸರಿಯಾಗಿ ಮುಗಿಯಿತು, ತಪ್ಪಿಲ್ಲ, ಇನ್ನು ಅಳತೆಯ ಚಿತ್ರವನ್ನು ತಂಡದ ಕೋಚಿಗೆ ಕಳಿಸಿದರಾಯಿತು, ಕಳಿಸುವ ಮೊದಲು ಕೆಳಗಿನ ಅಂಚನ್ನು ಕತ್ತರಿಸುವುದು ರೂಢಿ, ಇಷ್ಟು ದಿನ ಕತ್ತರಿಸಿಯೇ ಕಳಿಸಿದ್ದಾಳೆ, ಮಬ್ಬು ಕಂಡರೆ ಅಳತೆ ಕೆಟ್ಟದ್ದೆನ್ನುತ್ತಾರೆ, ಕತ್ತರಿಸುವ ಚೌಕವನ್ನು ಎಳೆಯುತ್ತಾಳೆ, ಎಡ ಮೂಲೆಯವರೆಗೆ — ಇಲ್ಲ, ಅದನ್ನು ಕತ್ತರಿಸಿದರೆ ಬಿಂದು ಹೋಗುತ್ತದೆ, ಬಿಂದು ಹೋದರೆ ಜ್ಯಾ ಇಲ್ಲ, ಎಂಟು ಪಾಲು ಇಲ್ಲ, ಹೇಳಿದ ಮಾತಿಗೆ ಆಧಾರವಿಲ್ಲ, ಹಾಗಾದರೆ ಅದು ಇರಲೇಬೇಕು, ಬೇಡವೆಂದು ಇಷ್ಟು ದಿನ ತೆಗೆದದ್ದು, ಕೋಚ್ ನೋಡುತ್ತಾನೆ, ಮಾಳೇಶ ನೋಡುತ್ತಾನೆ, ಕಳಿಸು ಗುಂಡಿಯ ಮೇಲೆ ಅವಳ ಬೆರಳು, ಸ್ನೇಹಲಾ, ಚಾ ಕುಡದೇನ ಬೇ, ಪರದೆಯಲ್ಲಿ ಹಾಯಿ ಸ್ಪಷ್ಟ, ಹೊಲಿಗೆ ಸ್ಪಷ್ಟ, ಹಗ್ಗದ ಎಳೆ ಎಳೆಯೂ ಸ್ಪಷ್ಟ, ಮೂಲೆಯಲ್ಲಿ ಅದೊಂದು, ಗುಲಾಬಿ, ಮಬ್ಬು, ಅದರ ಮೇಲೆ ಅವಳಿಟ್ಟ ಕೆಂಪು ಚುಕ್ಕೆ, ಹೆಬ್ಬೆರಳು, ಚುಕ್ಕೆ, ಹೆಬ್ಬೆರಳು —