ತಿರಸ್ಕೃತ ಅರ್ಜಿಗಳ ಕಟ್ಟು

ಮುಂಬಯಿಯ ಆಂಟಾಪ್ ಹಿಲ್‌ನ ಸಂಜೆಕಾಲೇಜಿನಲ್ಲಿ ಇರುವುದು ಎಂಟೇ ಕೋಣೆ. ಅದರಲ್ಲಿ ಮೆಟ್ಟಿಲ ಕೆಳಗಿನ ಒಂದಕ್ಕೆ ಮಾತ್ರ ಎರಡು ಬೀಗ. ಅದು ದಾಖಲೆ ಕೋಣೆ, ವಾರಿಜಾ ಮೇಡಂ ಅವರ ಸಾಮ್ರಾಜ್ಯ. ಉಡುಪಿ ಕಡೆಯ ಹೋಟೆಲಿನವರು ಸೇರಿ, ಹಗಲು ಲೋಟ ತೊಳೆಯುವವರು ಸಂಜೆ ನಾಲ್ಕಕ್ಷರ ಕಲಿಯಲಿ ಎಂದು ಕಟ್ಟಿದ ಕಾಲೇಜು ಅದು. ಅದರ ಎಪ್ಪತ್ತು ವರ್ಷದ ಕಾಗದಪತ್ರವೆಲ್ಲ ಹತ್ತೊಂಬತ್ತು ಟ್ರಂಕುಗಳಲ್ಲಿ ಅಲ್ಲಿತ್ತು. ಪ್ರವೇಶ ಪುಸ್ತಕ, ಹಾಜರಿ ಪುಸ್ತಕ, ನಾಟಕದ ಕರಪತ್ರ, ಗ್ರೂಪ್ ಫೋಟೋ, ಯಾರೋ ಮೇಷ್ಟ್ರು ಜಗಳವಾಡಿ ಬರೆದ ರಾಜೀನಾಮೆ, ಮರುದಿನವೇ ಅದನ್ನು ಹಿಂದಕ್ಕೆ ಪಡೆದ ಪತ್ರ. ಎರಡು ಸಾವಿರದ ಐದರ ಜುಲೈಯಲ್ಲಿ ಮುಂಬಯಿ ಮುಳುಗಿದಾಗ ವಾರಿಜಾ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಆ ಟ್ರಂಕುಗಳನ್ನು ಒಂದೊಂದಾಗಿ ಮೇಲಿನ ಮಹಡಿಗೆ ಸಾಗಿಸಿದ್ದರು. ಆ ಕಥೆ ಕೇಳದವರು ಕಾಲೇಜಿನಲ್ಲಿ ಯಾರೂ ಇಲ್ಲ. ಒಂದೇ ಸಲ ಕೇಳಿ ಪಾರಾದವರೂ ಇಲ್ಲ.

ಆ ಮಂಗಳವಾರ ಹನ್ನೆರಡು ಗಂಟೆಗೆ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಹೆಸರು ದೇವಕ್ಕ, ವಿಜಯಪುರದ ಕಡೆಯವಳು, ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಬದುಕುವವಳು. ಮಗಳು ಸೋನಾಲಿಗೆ ಕಾಂದಿವಲಿಯ ಒಂದು ಕಂಪನಿಯಲ್ಲಿ ಕೆಲಸ. ರಜೆ ಹಾಕಿ ಬಂದಿದ್ದಳು. ಇಬ್ಬರ ಮುಖದಲ್ಲೂ ನಿದ್ದೆಗೆಟ್ಟ ಕಳೆ. ವಾರಿಜಾ ಕುರ್ಚಿ ತೋರಿಸಿದರೂ ದೇವಕ್ಕ ಕೂರಲಿಲ್ಲ.

ಅವರ ಗಲ್ಲಿಯ ಝೋಪಡಿ, ಅಂದರೆ ಗುಡಿಸಲುಗಳನ್ನೆಲ್ಲ ಕೆಡವಿ ಬಿಲ್ಡಿಂಗ್ ಕಟ್ಟುವುದೆಂದು ನಿರ್ಧಾರವಾಗಿತ್ತು. ಎರಡು ಸಾವಿರದ ಜನವರಿ ಒಂದಕ್ಕಿಂತ ಮೊದಲಿನಿಂದ ಅಲ್ಲಿ ಇದ್ದವರಿಗೆ ಹೊಸ ಬಿಲ್ಡಿಂಗಿನಲ್ಲಿ ಬಿಟ್ಟಿ ಮನೆ. ಇದ್ದೆವೆಂದು ಕಾಗದ ತೋರಿಸಲಾಗದವರ ಹೆಸರಿನ ಮುಂದೆ ಅನರ್ಹ ಎಂಬ ಷರಾ. ದೇವಕ್ಕನ ಗಂಡ ಹಣಮಂತನ ಹೆಸರಿನ ಮುಂದೆ ಅದೇ ಷರಾ ಬಿದ್ದಿತ್ತು. ಅವರ ಹಳೆಯ ರೇಷನ್ ಕಾರ್ಡು, ಝೋಪಡಿಯವರಿಗೆ ಸರ್ಕಾರ ಕೊಡುವ ಫೋಟೋಪಾಸು ಎಲ್ಲ ಎರಡು ಸಾವಿರದ ಐದರ ಅದೇ ನೀರಿನಲ್ಲಿ ಹೋಗಿದ್ದವು. ಇವತ್ತು ನಾಲ್ಕು ಗಂಟೆಗೆ ಬಾಂದ್ರಾದ ಪುನರ್ವಸತಿ ಕಚೇರಿಯಲ್ಲಿ ಕೊನೆಯ ಸುನಾವಣಿ, ಅಂದರೆ ವಿಚಾರಣೆ. ಅಲ್ಲಿಯೂ ಏನೂ ತೋರಿಸದಿದ್ದರೆ ಬರುವ ತಿಂಗಳು ಬೀದಿಯೇ ಗತಿ.

"ನಮ್ಮನಿಯವ್ರು ಇಲ್ಲಿ ಕಲ್ತಾರ್ರೀ ಅಕ್ಕಾರ," ಎಂದಳು ದೇವಕ್ಕ. "ಬಿಯೇ ನಾಪಾಸಾದ್ರು, ಅದು ಬ್ಯಾರೆ ಮಾತು. ಆದ್ರ ಹೆಸರು ಹಚ್ಚುವಾಗ ಮನಿ ಪತ್ತಾ ಬರಿಸಿರಬೇಕಲ್ರಿ. ಅದೊಂದು ತೆಗದ್ ಕೊಡ್ರಿ."

ಹಣಮಂತ ತಾನೇಕೆ ಬರಲಿಲ್ಲವೆಂದು ವಾರಿಜಾ ಕೇಳಿದರು. ಅವನು ವಾಚ್‌ಮನ್ ಡ್ಯೂಟಿಯಿಂದ ನೇರ ಬಾಂದ್ರಾಕ್ಕೆ ಬರುತ್ತಾನಂತೆ. ಕಾಲೇಜಿಗೆ ಮಾತ್ರ ಬರುವುದಿಲ್ಲವಂತೆ. ಅಲ್ಲಿ ನನ್ನದೇನೂ ಇಲ್ಲ ಎಂದು ಎದ್ದು ಹೋದನಂತೆ. ಗಂಡಸರ ಸೊಕ್ಕು ಎಂದು ದೇವಕ್ಕ ಬೈದಳು, ವಾರಿಜಾ ಹೌದೆಂದು ತಲೆಯಾಡಿಸಿದರು.

ವಾರಿಜಾರಿಗೆ ನಿಜಕ್ಕೂ ಹುರುಪು ಬಂದಿತ್ತು. ಇಷ್ಟು ವರ್ಷ ಈ ಧೂಳಿನಲ್ಲಿ ಕೆಮ್ಮಿದ್ದು ಇಂಥ ಒಂದು ದಿನಕ್ಕಾಗಿಯೇ ಅನ್ನಿಸಿತು. ಇಲ್ಲಿಗೆ ಬಂದ ಕಾಗದ ಕಳೆಯುವುದಿಲ್ಲ, ಹೆದರಬೇಡಿ ಎಂದು ಧೈರ್ಯ ಹೇಳಿ ತೊಂಬತ್ತಾರರ ಪ್ರವೇಶ ಪುಸ್ತಕ ತೆಗೆದರು. ಐದೇ ನಿಮಿಷದಲ್ಲಿ ಹೆಸರು ಸಿಕ್ಕಿತು. ಪಕ್ಕದ ಕಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ವಿಳಾಸವಿತ್ತು: ಕೇರ್ ಆಫ್ ರಮಾನಾಥ ಶೆಟ್ಟಿ, ಹೋಟೆಲ್.

ಆ ಪುಟದ ಮೂವತ್ತೆರಡು ಹೆಸರಿಗೂ ಯಾವುದಾದರೊಂದು ಹೋಟೆಲಿನದೇ ವಿಳಾಸ. ಬರೆದವರು ವಾರಿಜಾ ಅವರೇ, ನನ್ನದೇ ಅಕ್ಷರ ಎಂದು ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಆಗವರು ಎಳೆಯ ಕ್ಲಾರ್ಕು. ಕಾಲೇಜಿನ ಪದ್ಧತಿ ಹಾಗಿತ್ತು. ಹೋಟೆಲಿನ ಧಣಿ ಜಾಮೀನು ನಿಂತರೆ ಮಾತ್ರ ಪ್ರವೇಶ, ಧಣಿಯ ಚೀಟಿ ನೋಡಿ ವಿಳಾಸ. ಉಡುಪಿ ಕಡೆಯ ಹುಡುಗರು ಹೋಟೆಲಿನ ಮಾಳಿಗೆಯಲ್ಲೇ ಉಂಡು ಅಲ್ಲೇ ಚಾಪೆ ಬಿಚ್ಚುವವರಾದ್ದರಿಂದ ಎಲ್ಲಿರುತ್ತೀಯಪ್ಪ ಎಂದು ಕೇಳುವ ರೂಢಿಯೇ ಇರಲಿಲ್ಲ. ಬಯಲುಸೀಮೆಯಿಂದ ಬಂದ ಒಬ್ಬ ಮದುವೆಯಾದವನಿರಬಹುದು, ಅವನಿಗೊಂದು ಝೋಪಡಿ, ಒಬ್ಬ ಹೆಂಡತಿ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಸೋನಾಲಿ ಪುಟ ನೋಡಿ ಇದರಿಂದ ಪ್ರಯೋಜನವಿಲ್ಲ, ಉಲ್ಟಾ ತೊಂದರೆ ಎಂದು ತಾಯಿಗೆ ಹಿಂದಿಯಲ್ಲಿ ಹೇಳಿದಳು. ಅಪ್ಪ ಹೋಟೆಲಿನಲ್ಲಿದ್ದ ಎಂದೇ ಇದು ಹೇಳುತ್ತದೆ. ದೇವಕ್ಕ ಪುಟದ ಮೇಲೆ ಬೆರಳಿಟ್ಟಳು. ಹೆಸರಿನ ಸಾಲಿನಲ್ಲಿ ಇನ್ನೂ ಎರಡು ಬೆರಳಷ್ಟು ಖಾಲಿ ಜಾಗವಿತ್ತು.

"ಇಲ್ಲಿ ಜಾಗ ಐತ್ರಿ. ಅಕ್ಷರ ನಿಮ್ದ. ಒಂದ್ ಸಾಲು ಬರದ್ರ ಯಾರಿಗೆ ಗೊತ್ತಾಕ್ಕೈತಿ?"

ವಾರಿಜಾ ಪುಸ್ತಕ ಮುಚ್ಚಿಬಿಟ್ಟರು. ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಆಗಿತ್ತು, ಏಕೆಂದರೆ ಅರೆಕ್ಷಣ ಅವರ ಕೈ ನಿಜಕ್ಕೂ ಪೆನ್ನಿನ ಕಡೆ ಹೋಗಿತ್ತು. ಹಾಗೆಲ್ಲ ಮಾಡ್ಲಿಕ್ಕಾಗುವುದಿಲ್ಲ, ಹೊಸ ಶಾಯಿ ಕಚೇರಿಯವರಿಗೆ ಗೊತ್ತಾಗದೆ ಇರುವುದಿಲ್ಲ, ಸಿಕ್ಕಿಬಿದ್ದರೆ ನಿಮ್ಮ ಮನೆ ಶಾಶ್ವತವಾಗಿ ಹೋಗುತ್ತದೆ ಎಂದರು. ದೇವಕ್ಕ ಆಗ ಕುರ್ಚಿಯಲ್ಲಿ ಕುಸಿದು ಕೂತಳು. ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

ಕೊನೆಯದೊಂದು ದಾರಿ ಉಳಿದಿತ್ತು. ಕಾಲೇಜಿಗೆ ಬಂದ ಪ್ರತಿಯೊಂದು ಅರ್ಜಿಗೂ ನಂಬರು ಹಾಕಿ ಆವಕ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹಣಮಂತ ಯಾವಾಗಲಾದರೂ ಅರ್ಜಿ ಕೊಟ್ಟಿದ್ದರೆ ಅದರ ಮೇಲೆ ತನ್ನ ಕೈಯಾರೆ ವಿಳಾಸ ಬರೆದಿರಲೇಬೇಕು. ಓದು ಬಾರದ ದೇವಕ್ಕ ಪುಸ್ತಕ ಎತ್ತಿಕೊಟ್ಟಳು, ಉಳಿದಿಬ್ಬರು ನೆಲದ ಮೇಲೆ ಕೂತು ಒಂದೊಂದು ವರ್ಷದ್ದು ಹಿಡಿದರು. ತೊಂಬತ್ತಾರರಲ್ಲಿ ಇಲ್ಲ. ತೊಂಬತ್ತೇಳರಲ್ಲಿ ಇಲ್ಲ. ತೊಂಬತ್ತೆಂಟರ ಪುಸ್ತಕದ ಅರ್ಧವನ್ನು ಗೆದ್ದಲು ತಿಂದಿತ್ತು. ಕಾಗದ ಕಳೆಯುವುದಿಲ್ಲ ಎಂದವರ ಮುಖ ನೋಡುವಂತಿರಲಿಲ್ಲ. ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಸೋನಾಲಿ ತೊಂಬತ್ತೊಂಬತ್ತರ ಮಾರ್ಚ್ ತಿಂಗಳಲ್ಲಿ ಹೆಸರು ಹಿಡಿದಳು. ನಂಬರು ಇನ್ನೂರ ಹದಿನಾಲ್ಕು. ಕೊನೆಯ ಕಲಮಿನಲ್ಲಿ ಒಂದೇ ಪದ: ತಿರಸ್ಕೃತ.

ತಿರಸ್ಕರಿಸಿದ ಅರ್ಜಿಗಳೆಲ್ಲ ಹತ್ತೊಂಬತ್ತನೇ ಟ್ರಂಕಿನಲ್ಲಿ ಬಟ್ಟೆ ಕಟ್ಟಿಕೊಂಡು ಬಿದ್ದಿದ್ದವು. ಐದು ವರ್ಷದಲ್ಲಿ ಉಳಿದೆಲ್ಲ ಟ್ರಂಕು ಬಿಚ್ಚಿ ಪಟ್ಟಿ ಮಾಡಿದ ವಾರಿಜಾ ಇದೊಂದನ್ನು ಬಿಚ್ಚಿರಲಿಲ್ಲ. ಯಾರಿಗೆ ಬೇಕು ಎಂದುಕೊಂಡಿದ್ದರು. ಈಗ ಗಂಟು ಬಿಚ್ಚಲು ಬರದೆ ಕತ್ತರಿ ಹಾಕಿದರು.

ಅರ್ಜಿ ಸಿಕ್ಕಿತು. ಒಂದು ಹಾಳೆ, ಅಚ್ಚುಕಟ್ಟಾದ ಕನ್ನಡ. ಮೇಲೆ ವಿಳಾಸ ಪೂರ್ತಿ ಇತ್ತು: ಗಲ್ಲಿ ಮೂರು, ಝೋಪಡಿ ನಂಬರ್ ನೂರ ಹದಿನೇಳು, ಆಂಟಾಪ್ ಹಿಲ್. ಫೆಬ್ರವರಿ ಇಪ್ಪತ್ತನಾಲ್ಕರಂದು ಮುನಸಿಪಾಲ್ಟಿಯವರು ಬಂದು ಝೋಪಡಿ ಕೆಡವಿದರು, ಪುಸ್ತಕ ಮತ್ತು ಹಾಲ್ ಟಿಕೆಟ್ ಮಣ್ಣಿನಡಿ ಹೋದವು, ಅದೇ ಜಾಗದಲ್ಲಿ ತಗಡು ಕಟ್ಟಿಕೊಂಡಿದ್ದೇವೆ, ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಕೂರಲು ಇನ್ನೊಂದು ಹಾಲ್ ಟಿಕೆಟ್ ದಯಪಾಲಿಸಬೇಕು. ದೇವಕ್ಕನಿಗೆ ಓದಿ ಹೇಳುತ್ತ ಹೇಳುತ್ತ ವಾರಿಜಾರ ಧ್ವನಿ ಏರಿತು. ಮನೆ ಉಳಿಯಿತು ಎಂದು ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಅವರ ಕಣ್ಣು ಕೆಳಗೆ ಹೋಯಿತು. ಮೊಹರು, ತಾರೀಕು, ಅದರ ಪಕ್ಕ ಇಂಗ್ಲಿಷಿನಲ್ಲಿ ಮೂರು ಸಾಲು. ಅದೇ ದುಂಡು ಅಕ್ಷರ. ಕೆಳಗೆ ಅವರದೇ, ಬೇರೆಯವರಿಗೆ ಓದಲಾಗದ ಗೀಚು ಸಹಿ. ವಾರಿಜಾರಿಗೆ ಆ ಸಾಲು ಬರೆದ ನೆನಪು ಕೂಡ ಇರಲಿಲ್ಲ, ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆ ಹಾಳೆ ಹಿಡಿದು ಬಂದವನ ಮುಖ ನೆನಪಿಸಿಕೊಳ್ಳಲು ನೋಡಿದರು. ಮುಖವೇ ಬರಲಿಲ್ಲ.

ಹಾಳೆಯನ್ನು ಕೆಳಗಿನಿಂದ ಮಡಚಿ ಝೆರಾಕ್ಸ್ ತೆಗೆದರಾಯಿತು ಎಂದು ಅವರ ತಲೆ ಲೆಕ್ಕ ಹಾಕಿತು. ಆದರೆ ತಾರೀಕಿನ ಮೊಹರು ಆ ಸಾಲುಗಳ ಮೇಲೆಯೇ ಅರ್ಧ ಒತ್ತಿತ್ತು. ಮೊಹರು ಬೇಕಾದರೆ ಸಾಲು ಬರಬೇಕು. ಮೊಹರಿಲ್ಲದ ಅರ್ಜಿ ನಿನ್ನೆ ಬರೆದದ್ದಲ್ಲವೆಂದು ಯಾರು ನಂಬುತ್ತಾರೆ? ಅವರು ಹೀಗೆ ಹಾಳೆ ಹಿಡಿದು ನಿಂತಿರುವಾಗಲೇ ಸೋನಾಲಿ ಪಕ್ಕಕ್ಕೆ ಬಂದು ಇಂಗ್ಲಿಷಿನ ಸಾಲುಗಳನ್ನು ಓದಿಬಿಟ್ಟಳು. ಓದಿ ವಾರಿಜಾರ ಮುಖ ನೋಡಿದಳು.

"ಮಮ್ಮಿ, ಪಪ್ಪಾ ಫೇಲ್ ಅಲ್ಲ," ಎಂದಳು. "ಎಕ್ಸಾಮ್‌ಗೆ ಬಿಟ್ಟೇ ಇಲ್ಲ. ರಿಜಿಸ್ಟರ್‌ದಲ್ಲಿ ಹೋಟೆಲ್ ಇದೆ, ಝೋಪಡಿ ಅಂತ ಝೂಟ್ ಹೇಳ್ತಾನೆ, ಹಾಲ್ ಟಿಕೆಟ್ ಕೊಡಬಾರದು. ಹಾಗೆ ಬರೆದಿದೆ."

ಯಾರು ಬರೆದದ್ದು ಎಂದು ದೇವಕ್ಕ ಕೇಳಿದಳು. ವಾರಿಜಾ ಸುಳ್ಳು ಹೇಳಬಹುದಿತ್ತು. ಆಗಿನ ಪ್ರಿನ್ಸಿಪಾಲರು ಸತ್ತು ಹದಿನೈದು ವರ್ಷವಾಗಿತ್ತು, ಸತ್ತವರು ತಕರಾರು ಮಾಡುವುದಿಲ್ಲ. "ನಾನೇ ಬರೆದದ್ದು," ಎಂದರು.

ದೇವಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ವಾರಿಜಾರಿಗೆ ಹಗುರವಾಗುತ್ತಿತ್ತು. ಗಂಡ ಮನೆಗೆ ಬಂದು ನಾಪಾಸಾದೆ ಎಂದು ಹೇಳಿದ್ದ, ಸುಳ್ಳ ಅನ್ನಿಸಿಕೊಂಡೆ ಎಂದು ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಸಿಟ್ಟು ಬಂದಾಗಲೆಲ್ಲ ಅವಳು ಅವನನ್ನು ನಾಪಾಸಾದವನೆಂದು ಹಂಗಿಸಿದ್ದಳು, ಮಗಳ ಮುಂದೆ, ನೆರೆಯವರ ಮುಂದೆ. ಅವನು ಒಂದು ಸಲವೂ ತಿರುಗಿ ಮಾತಾಡಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಳು. ವಾರಿಜಾರಿಗೆ ಅಲ್ಲಿಯೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಗಂಟೆ ಎರಡೂ ಇಪ್ಪತ್ತಾಗಿತ್ತು. ಈಗಿನ ಪ್ರಿನ್ಸಿಪಾಲ್ ಶುಭಾಂಗಿ ಮೇಡಂ ಅರ್ಜಿಯ ಝೆರಾಕ್ಸ್ ಪ್ರತಿಯ ಮೇಲೆ ಸಹಿ ಹಾಕುವ ಮೊದಲು ಆ ಮೂರು ಸಾಲು ಓದಿ, ಇದು ಹೊರಗೆ ಹೋದರೆ ಕಾಲೇಜಿನ ಹೆಸರು ಏನಾಗಬೇಕು ಎಂದು ಕೇಳಿದರು. ಹೋಗುವುದು ನನ್ನ ಹೆಸರು ಎಂದರು ವಾರಿಜಾ. ಮೂಲ ಅರ್ಜಿ, ಪ್ರವೇಶ ಪುಸ್ತಕ, ಆವಕ ಪುಸ್ತಕ ಮೂರನ್ನೂ ಚೀಲಕ್ಕೆ ಹಾಕಿ, ದಾಖಲೆ ಹೊರಗೆ ಒಯ್ಯಬಾರದೆಂಬ ತಾವೇ ಮಾಡಿದ ಕಾನೂನನ್ನು ತಾವೇ ಮುರಿದು ತಾಯಿ ಮಗಳ ಜೊತೆ ಟ್ಯಾಕ್ಸಿ ಹತ್ತಿದರು. ಸಾಯನ್ ದಾಟುವಷ್ಟರಲ್ಲಿ ಟ್ರಾಫಿಕ್ಕು ಹಿಡಿಯಿತು. ಇಪ್ಪತ್ತು ನಿಮಿಷ ಗಾಡಿ ನಿಂತಲ್ಲೇ ನಿಂತಿತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಓಡುತ್ತ ಒಳಗೆ ಹೋದರು. ಹಣಮಂತ ವಾಚ್‌ಮನ್ ಸಮವಸ್ತ್ರದಲ್ಲಿ ಬೆಂಚಿನ ಮೇಲೆ ಕೂತಿದ್ದ. ತಲೆ ಪೂರ್ತಿ ಬಿಳಿ. ವಾರಿಜಾರನ್ನು ನೋಡಿದ ಕೂಡಲೇ ಎದ್ದು ನಿಂತ. ಅವನಿಗೆ ಅವರ ಮುಖ ನೆನಪಿತ್ತು. ನಮಸ್ಕಾರ ಮಾಡಲಿಲ್ಲ. ಅಷ್ಟರಲ್ಲಿ ಅವನ ಹೆಸರು ಕೂಗಿದರು.

ಸುನಾವಣಿ ನಡೆಸುವ ಸಾಹೇಬರು ಅರ್ಜಿಯನ್ನು ಭಾಷಾಂತರ ಮಾಡಿಸಿ ಕೇಳಿದರು. ಆಮೇಲೆ ಒಂದು ಹಳೆಯ ಫೈಲು ತರಿಸಿದರು. ತೊಂಬತ್ತೊಂಬತ್ತರ ಫೆಬ್ರವರಿ ಇಪ್ಪತ್ತನಾಲ್ಕರಂದು ಕೆಡವಿದ ಝೋಪಡಿಗಳ ಪಟ್ಟಿ ಅದರಲ್ಲಿತ್ತು, ಬರೀ ನಂಬರುಗಳು, ಯಾರ ಹೆಸರೂ ಇಲ್ಲ. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ದೇವಕ್ಕ ಮಗಳ ಕೈ ಹಿಡಿದುಕೊಂಡಳು. ನೂರ ಹದಿನೇಳರ ಮೇಲೆ ಬೆರಳು ನಿಂತಿತು.

ನಂಬರು ಸರಿ ಇದೆ, ತಾರೀಕು ಸರಿ ಇದೆ, ಆದರೆ ಇದು ಸುಳ್ಳೆಂದು ನಿಮ್ಮ ಕಾಲೇಜೇ ಬರೆದಿದೆಯಲ್ಲ ಎಂದು ಸಾಹೇಬರು ವಾರಿಜಾರತ್ತ ತಿರುಗಿದರು. ಸುಳ್ಳೆಂದು ಹೇಗೆ ಗೊತ್ತಾಯಿತು? ಹೋಗಿ ನೋಡಿದ್ದಿರಾ?

ಇಲ್ಲ ಎಂದರು ವಾರಿಜಾ. ಎಷ್ಟು ದೂರವಿತ್ತು? ನಡೆದರೆ ಹದಿನೈದು ನಿಮಿಷ. ಹಾಗಾದರೆ ಹೋಟೆಲಿನ ವಿಳಾಸ ಇವನೇ ಕೊಟ್ಟದ್ದೋ? ಅಲ್ಲ, ಕೇಳದೆ ನಾನೇ ಬರೆದುಕೊಂಡದ್ದು. ಪ್ರತಿ ಉತ್ತರಕ್ಕೂ ಅವರ ಧ್ವನಿ ತಗ್ಗುತ್ತ ಹೋಯಿತು. ಹಣಮಂತ ಒಮ್ಮೆಯೂ ಅವರ ಕಡೆ ನೋಡಲಿಲ್ಲ, ಗೋಡೆ ನೋಡುತ್ತಿದ್ದ. ಇದನ್ನೆಲ್ಲ ಬರೆದು ಸಹಿ ಮಾಡಿಕೊಡುತ್ತೀರಾ ಎಂದು ಸಾಹೇಬರು ಒಂದು ಹಾಳೆ ಮುಂದಿಟ್ಟರು.

ವಾರಿಜಾ ಇಂಗ್ಲಿಷಿನಲ್ಲಿ ಬರೆದರು. ಅದೇ ದುಂಡು ಅಕ್ಷರ, ಕೆಳಗೆ ಅದೇ ಗೀಚು ಸಹಿ. ಸಾಹೇಬರು ಎರಡು ಸಲ ಓದಿ, ಪಟ್ಟಿಯಲ್ಲಿ ಅನರ್ಹ ಎಂಬುದನ್ನು ಹೊಡೆದುಹಾಕಿ, ಅರ್ಹ ಎಂದು ಬರೆದು ಸಹಿ ಮಾಡಿದರು. ದೇವಕ್ಕ ನಿಂತಲ್ಲೇ ಮೇಜಿಗೆ ಹಣೆ ಹಚ್ಚಿದಳು. ಮುಂದಿನವರನ್ನು ಆಗಲೇ ಕೂಗುತ್ತಿದ್ದರು.

ಹಣಮಂತ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮೇಡಂ ಬರೆದುಕೊಟ್ಟದ್ದರ ಒಂದು ಪ್ರತಿ ತನಗೆ ಬೇಕೆಂದು ಸಾಹೇಬರನ್ನು ಕೇಳಿದ. ಮನೆ ಸಿಕ್ಕಿತಲ್ಲ, ಇನ್ನು ಅದೇಕೆ ಎಂದರು ಅವರು. ಬೇಕು ಎಂದ. ಝೆರಾಕ್ಸ್ ಆಗಿ ಬರುವ ತನಕ ಹಾಗೆಯೇ ನಿಂತಿದ್ದ.

ಹೊರಗೆ ವರಾಂಡದಲ್ಲಿ ವಾರಿಜಾ ಕೈ ಮುಗಿದರು. ಹಣಮಂತ ಅದನ್ನು ಕಂಡೂ ಕಾಣದವನಂತೆ ಹಾಳೆಯನ್ನು ಮಗಳ ಕೈಗೆ ಕೊಟ್ಟ. "ನಿಮ್ಮವ್ವಗ ಓದಿ ಹೇಳು. ಕನ್ನಡದಾಗ."

ಸೋನಾಲಿ ತಡವರಿಸುತ್ತ, ನಡುವೆ ಪದ ಸಿಗದೆ ನಿಲ್ಲುತ್ತ ಓದಿದಳು. "ಈ ಸ್ಟೂಡೆಂಟ್ ಸತ್ಯ ಹೇಳಿದ್ದ. ನಾನು ಹೋಗಿ ನೋಡದೆ ಅವನನ್ನು ಸುಳ್ಳ ಅಂತ ಬರೆದೆ. ಅವನು ಪರೀಕ್ಷೆಯಲ್ಲಿ ಫೇಲ್ ಆಗಿಲ್ಲ. ಅವನನ್ನು ಪರೀಕ್ಷೆಗೆ ಕೂರಿಸಲಿಲ್ಲ. ತಪ್ಪು ನನ್ನದು."

ದೇವಕ್ಕ ಗಂಡನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಜನ ಅತ್ತಿತ್ತ ಓಡಾಡುತ್ತಿದ್ದರು, ಯಾರೋ ಮೆಟ್ಟಿಲಿಗೆ ದಾರಿ ಬಿಡಿ ಎಂದು ಗದರಿದರು. ಹಣಮಂತ ಗೋಡೆಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಇನ್ನೊಮ್ಮೆ ಓದವ್ವ," ಎಂದ.