ಶುಕ್ರವಾರ ಬಂದ ಡಿಜಿಟಲ್ ರೂಪಾಯಿ

ಬಂಗಾರಪೇಟೆಯ ದೊಡ್ಡ ಶಾಖೆಯ ಎಸಿ ಕೋಣೆಯ ಮೇಲೆ ಕಾಮಸಮುದ್ರದ ಬ್ಯಾಂಕ್ ಮ್ಯಾನೇಜರ್ ನಾಗೇಶನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಕೊನೆಗೂ ಮೇಲಿನ ಸಾಹೇಬರು ದಾರಿ ತೋರಿಸಿದರು. ಐವತ್ತು ಹೆಂಗಸರ ಫೋನಿಗೆ ಡಿಜಿಟಲ್ ರೂಪಾಯಿ ಇಳಿಸಿ, ಅವರು ಅದನ್ನು ಒಬ್ಬರಿಗೊಬ್ಬರು ಕಳಿಸುವಂತೆ ಮಾಡಿದರೆ ವರ್ಗಾವಣೆ ಖಾತ್ರಿ. ಆಗದಿದ್ದರೆ ಶಾಖೆಗೆ ಬೀಗ. ನಾಗೇಶ ಯಾವ ಮೂಲೆಗೆ ಬೀಳುತ್ತಾನೋ ದೇವರೇ ಬಲ್ಲ. ಆತುರಗಾರ ನಾಗೇಶ ಮುಂದಿನ ಶುಕ್ರವಾರವೇ ಸಮಾರಂಭ ಇಟ್ಟುಬಿಟ್ಟ. ಓದಿದ ಮನುಷ್ಯ, ಕ್ಯಾಲೆಂಡರಿನಲ್ಲಿ ರಜೆ ಮಾತ್ರ ನೋಡುತ್ತಿದ್ದ.

ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಹೆಂಗಸರು ತಲೆಗೆ ಎರೆದುಕೊಂಡು, ಹೂ ಮುಡಿದು ಶಾಖೆಗೆ ಬಂದರು. ಬ್ಯಾಂಕಿನವರು ಪ್ರತಿಯೊಬ್ಬರ ಫೋನಿಗೂ ಹತ್ತು ರೂಪಾಯಿ ಹಾಕಿದರು. ಹಾಕಿಸಿಕೊಳ್ಳಲು ಯಾರದೂ ತಕರಾರಿರಲಿಲ್ಲ.

"ಈಗ ಪಕ್ಕದಲ್ಲಿರೋರಿಗೆ ಒಂದು ರೂಪಾಯಿ ಕಳಿಸಿ," ಎಂದ ನಾಗೇಶ.

ಒಬ್ಬರೂ ಬೆರಳಾಡಿಸಲಿಲ್ಲ. ಡೇರಿ ಸಂಘದ ಹಿರಿಯಳು ವರಲಕ್ಷ್ಮಮ್ಮ ಎದ್ದು ನಿಂತಳು.

"ಇವತ್ತು ಶುಕ್ರಾರ ಅಲ್ವಾ ಸಾರ್. ಮನೆ ಲಕ್ಷ್ಮೀನ ಆಚೆ ಕಳ್ಸಾಕಾಯ್ತದಾ? ಒಳಕ್ ಬರೋದಾದ್ರೆ ಬರ್ಲಿ, ಬ್ಯಾಡ ಅನ್ನಾಕಿಲ್ಲ."

ನಾಗೇಶನ ಕಣ್ಣೆದುರು ಎಸಿ ಕೋಣೆ ದೂರ ಸರಿಯತೊಡಗಿತು.

"ಇದು ನೋಟಲ್ಲಮ್ಮ. ಏನೂ ಆಚೆ ಹೋಗಲ್ಲ. ಬರೀ ಅಂಕಿ. ಇಲ್ಲಿ ಒಂದು ಕಮ್ಮಿ, ಅಲ್ಲಿ ಒಂದು ಜಾಸ್ತಿ, ಅಷ್ಟೇ."

"ಅಂಗಾದ್ರೆ ನಮ್ ಪಾಸ್‌ಬುಕ್ಕಲ್ಲಿರೋದು?"

ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ನಾಗೇಶನಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. "ಅದೂ ಅಂಕೀನೇ. ಎಲ್ಲರ ದುಡ್ಡೂ ನೋಟಾಗಿ ಬ್ಯಾಂಕಲ್ಲಿ ಕೂತಿರುತ್ತೇನಮ್ಮ?"

ವರಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ನೇರ ಕೌಂಟರಿಗೆ ನಡೆದಳು. ಕ್ಯಾಷಿಯರ್ ಕಲಾಳಿಗೆ ಹೇಳಿದಳು: "ನಂದಷ್ಟೂ ನೋಟಲ್ಲೇ ಕೊಟ್ಬುಡವ್ವಾ. ಶುಕ್ರಾರ ದುಡ್ಡು ಮನೆಗೆ ಬಂದ್ರೆ ಒಳ್ಳೇದು."

ಅವಳ ಹಿಂದೆ ಉಳಿದವರೂ ಸಾಲು ನಿಂತರು. ಡಿಜಿಟಲ್ ರೂಪಾಯಿಗೆಂದು ತಂದಿದ್ದ ಫೋನುಗಳಿಂದಲೇ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದರು. ತೊಪ್ಪನಹಳ್ಳಿ ಕಡೆಯಿಂದ ಆಟೋಗಳು ಬಂದವು. ಬೂದಿಕೋಟೆಯಿಂದ ಒಬ್ಬ ಮುದುಕ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆಯದೆ ಓಡಿ ಬಂದ. ನಾಗೇಶ ಬಾಗಿಲಲ್ಲಿ ನಿಂತು, ಬ್ಯಾಂಕ್ ಭದ್ರವಾಗಿದೆ ಎಂದು ಕೂಗಿದ. ಅದನ್ನು ಕೇಳಿದ ಮೇಲೆ ಜನ ಇನ್ನಷ್ಟು ನುಗ್ಗಿದರು.

ಮಧ್ಯಾಹ್ನ ಸಾಹೇಬರ ಫೋನ್ ಬಂತು. "ವ್ಯವಹಾರ ಹೇಗಿದೆ ನಾಗೇಶ್?"

"ಜನ ಮುಗಿಬಿದ್ದಿದ್ದಾರೆ ಸಾರ್."

"ಶಭಾಷ್. ಬಂಗಾರಪೇಟೆಗೆ ಹೊರಡೋಕೆ ರೆಡಿಯಾಗಿ."

ಮುಗಿಬಿದ್ದದ್ದು ಯಾತಕ್ಕೆ ಎಂದು ಸಾಹೇಬರು ಕೇಳಲಿಲ್ಲ, ಇವನು ಹೇಳಲೂ ಇಲ್ಲ. ಫೋನ್ ಇಟ್ಟವನು ಸಾಲನ್ನೇ ನೋಡುತ್ತ ನಿಂತ. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಇದೇ ಶಾಖೆಯ ಅವನ ಖಾತೆಯಲ್ಲಿತ್ತು. ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನಿಗೆ ತನ್ನ ಬ್ಯಾಂಕಿನ ಮೇಲೆ ಭಯ ಹುಟ್ಟಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿನಿಂದ ಹೋಗಿ ಕಲಾಳ ಕಿವಿಯಲ್ಲಿ ಪಿಸುಗುಟ್ಟಿದ.

ಕಲಾ ಖಾಲಿ ಡ್ರಾಯರನ್ನು ಎಳೆದು ತೋರಿಸಿದಳು.

"ನೋಟು ಮುಗೀತು ಸಾರ್. ನಿಮ್ದು ಫೋನ್‌ಗೇ ಹಾಕ್ಬಿಡ್ಲಾ?"