ಜಾಹೀರಾತಿಲ್ಲದ ಮನೆ

ಆದೋನಿಯ ಹತ್ತಿ ಮಿಲ್ಲಿನ ತೂಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಶಿವಕೃಷ್ಣನ ಒಂದು ಮಾತಿಗೆ ಲಾರಿಗಳೇ ನಿಲ್ಲುತ್ತಿದ್ದವು. ಪೆದ್ದಕಡುಬೂರಿನ ಸ್ವಂತ ಮನೆಯಲ್ಲಿ ಮಾತ್ರ ಅವನ ಮಾತನ್ನು ಕೊನೆತನಕ ಕೇಳಿದವರು ಯಾರೂ ಇರಲಿಲ್ಲ. ಅವನು ಬಾಯಿ ತೆರೆದರೆ ತಾಯಿ ಬಸವಕ್ಕನಿಗೆ ಅಕ್ಕಿ ಆರಿಸುವುದು ನೆನಪಾಗುತ್ತಿತ್ತು, ಹೆಂಡತಿ ನಾಗಜ್ಯೋತಿಗೆ ಒಲೆ ನೆನಪಾಗುತ್ತಿತ್ತು, ತಂದೆ ಉಚ್ಚೀರಪ್ಪನಿಗೆ ಹಟ್ಟಿಯ ಕುರಿಗಳು ನೆನಪಾಗುತ್ತಿದ್ದವು. ಪಾಪ, ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಂಥವನು ಒಂದು ಭಾನುವಾರ ಏಣಿ ಹಾಕಿ ಮಾಳಿಗೆ ಹತ್ತಿ, ಟೀವಿಯ ಡಿಶ್ ಬಿಚ್ಚಿದ. ಓಣಿಯ ಮಂದಿಯೆಲ್ಲ ಹೊರಗೆ ಕೂತಿರುವ ಹೊತ್ತು ನೋಡಿಯೇ ಹತ್ತಿದ್ದ.

“ಇನ್ಮ್ಯಾಲೆ ಈ ಮನ್ಯಾಗ ಯಾಡು, ಜಾಹೀರಾತು ಅನ್ನೂದೇ ಬರೂದಿಲ್ಲ,” ಎಂದು ಮೇಲಿಂದಲೇ ಸಾರಿದ. “ಅರ್ಧ ತಾಸು ಕತಿ, ಅರ್ಧ ತಾಸು ಸೋಪು. ಸಾಕಾಗೈತಿ. ನಾ ಕಂಪ್ಯೂಟರಿನಾಗ ಸಿನಿಮಾ ತುಂಬಿ ಸರ್ವರ್ ಮಾಡ್ತೀನಿ. ಬೇಕಾದ ಸಿನಿಮಾ, ಬೇಕಾದಾಗ. ನಡುವ ಯಾರ ಕಾಟನೂ ಇಲ್ಲ.”

“ಅದು ನಡೀಲಿಲ್ಲಂದ್ರ?” ಎದುರುಮನೆಯ ರಾಮಲಕ್ಷ್ಮಿ ಕೇಳಿದಳು.

“ನಮ್ಮೋರು ನಿಮ್ಮನಿಗೆ ಟೀವಿ ನೋಡಾಕ ಬಂದ್ರ, ಇದೇ ಡಿಶ್ಶು ತಲಿಮ್ಯಾಲೆ ಹೊತ್ತು ಓಣಿ ತುಂಬ ತಿರುಗಿ ವಾಪಸ್ ಕೂಡಸ್ತೀನಿ.”

ಡಿಶ್ ಅಂಗಳದಲ್ಲಿ ಅಂಗಾತ ಬಿತ್ತು. ಬಸವಕ್ಕ ಅದಕ್ಕೆ ನೀರು ತುಂಬಿ ಕೋಳಿಗಳಿಗೆ ಇಟ್ಟಳು.

ಮಿಲ್ಲಿನವರು ಮೂಲೆಗೆ ತಳ್ಳಿದ್ದ ಹಳೆಯ ಸಿಪಿಯು ಒಂದನ್ನು ಶಿವಕೃಷ್ಣ ಕೇಳಿ ತಂದು, ಹತ್ತಿಯ ಧೂಳು ಕೊಡವಿ, ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದ. ಕಮಾಂಡ್ ಕೊಟ್ಟರೆ ಅದು ಪಾಸ್‌ವರ್ಡ್ ಕೇಳಿತು. ಇವನು ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆಯೆಂದು ಆದೋನಿಗೆ ಹೋಗಿ ಹೊಸದು ತಂದ ಮೇಲೆ ತಿಳಿಯಿತು, ಲಿನಕ್ಸಿನ ರೀತಿಯೇ ಅದು. ಕೇಳಿಸಿಕೊಂಡರೂ ಹೂಂ ಅನ್ನುವುದಿಲ್ಲ. ಆಮೇಲೆ ಸಿನಿಮಾದ ಫೋಲ್ಡರ್ ತೆರೆಯಹೋದರೆ ‘ಅನುಮತಿ ಇಲ್ಲ’ ಎಂದಿತು. ಅವನದೇ ಮನೆ, ಅವನದೇ ಕಂಪ್ಯೂಟರ್, ಅನುಮತಿ ಮಾತ್ರ ಇಲ್ಲ. ಈ ಸ್ಥಿತಿ ಅವನಿಗೆ ಹೊಸದಲ್ಲವಾದ್ದರಿಂದ ಎದೆಗುಂದಲಿಲ್ಲ.

ಮೊಬೈಲಿನಲ್ಲಿ ನೋಡಿ ನೋಡಿ ಕಮಾಂಡ್ ಕುಟ್ಟಿ, ಮನೆಯಲ್ಲಿದ್ದ ಪೌರಾಣಿಕ ಸಿನಿಮಾದ ಡಿಸ್ಕುಗಳನ್ನೂ ತನ್ನ ಮದುವೆಯ ವಿಡಿಯೊವನ್ನೂ ಅದರೊಳಗೆ ತುಂಬಿದ. ಸರ್ವರ್ ತಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದೊಂದಕ್ಕೂ ಪೋಸ್ಟರ್ ಅಂಟಿಸಿತು. ಮದುವೆಯ ವಿಡಿಯೊಗೆ ಯಾವುದೋ ಇಂಗ್ಲಿಷ್ ಯುದ್ಧದ ಸಿನಿಮಾದ ಪೋಸ್ಟರ್ ಬಂತು.

“ತೆಗೀಬ್ಯಾಡ್ರಿ, ಸರಿಯಾಗೇ ಐತಿ,” ಎಂದಳು ನಾಗಜ್ಯೋತಿ.

ಮೊದಲ ಸಂಜೆ ಪಡಸಾಲೆಯ ಟೀವಿಯಲ್ಲಿ ಸಿನಿಮಾ ಶುರುವಾಯಿತು. ಒಲೆಯ ಮೇಲೆ ಬದನೆಕಾಯಿ ಪಲ್ಯ ಇಟ್ಟು ಬಂದ ನಾಗಜ್ಯೋತಿ, ಈಗ ಬ್ರೇಕ್ ಬರುತ್ತದೆ, ಈಗ ಬರುತ್ತದೆ ಎಂದು ಕಾದೇ ಕಾದಳು. ಬ್ರೇಕ್ ಬರಲಿಲ್ಲ. ರಾಕ್ಷಸ ಸತ್ತ, ಪಲ್ಯವೂ ಸೀದು ಹೋಯಿತು. ಮರುದಿನ ಹಾಲು ಉಕ್ಕಿ ಒಲೆ ಆರಿತು. ಅದರ ಮರುದಿನ ಉಚ್ಚೀರಪ್ಪ ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಕೆದಕಿ, “ಇದು ಏನಿತ್ತು ಮೊದಲು?” ಎಂದು ಕೇಳಿದ.

“ರಿಮೋಟ್ ಒತ್ತಿದ್ರ ನಿಲ್ತೈತಲ್ಲ,” ಶಿವಕೃಷ್ಣನಿಗೆ ಸಿಟ್ಟು ಬಂತು. “ನಿಲ್ಸಿ ಎದ್ದು ಹೋಗು.”

ನಾಗಜ್ಯೋತಿ ದನಿ ತಗ್ಗಿಸಿದಳು. “ಅತ್ತಿ, ಮಾವ ನೋಡ್ಕೊಂತ ಕುಂತಾಗ ನಾ ಹೆಂಗ ನಿಲ್ಲಸ್ಲಿ? ಹಿರೇರು ನೋಡೂದನ್ನ ಸೊಸಿ ನಿಲ್ಸಿದ್ಲು ಅಂತ ಊರಾಗ ಆಗ್ಬೇಕೇನು?”

“ನೀನಾದ್ರೂ ನಿಲ್ಸವ್ವ,” ಎಂದು ತಾಯಿಗೆ ಹೇಳಿದ.

“ನಾ ನಿಲ್ಸಿದ್ರ, ಅತ್ತಿ ಸೊಸಿಗೆ ನೋಡಾಕ ಬಿಡ್ಲಿಲ್ಲ ಅಂತಾರ,” ಎಂದಳು ಬಸವಕ್ಕ. “ಯಾಡು ಬಂದ್ರ ಯಾರ ಮ್ಯಾಲೂ ತಪ್ಪಿಲ್ಲಪ. ಅದು ತಾನಾ ನಿಲ್ತೈತಿ, ನಾವು ಏಳ್ತೀವಿ.”

ಶಿವಕೃಷ್ಣ ರಿಮೋಟಿನ ಸೌಕರ್ಯಗಳನ್ನು ವಿವರಿಸತೊಡಗಿದ. ಬಸವಕ್ಕನಿಗೆ ಅಕ್ಕಿ ಆರಿಸುವುದು ನೆನಪಾಯಿತು.

ಆ ವಾರದ ಕೊನೆಗೆ ಮಿಲ್ಲಿನಿಂದ ಬಂದಾಗ ಮನೆಯಲ್ಲಿ ಸರ್ವರೊಂದೇ ಗುಂಯ್‌ಗುಡುತ್ತಿತ್ತು. ನಗು ಎದುರುಮನೆಯಿಂದ ಬರುತ್ತಿತ್ತು. ಹೊಸ್ತಿಲಲ್ಲಿ ನಿಂತು ನೋಡಿದ. ರಾಮಲಕ್ಷ್ಮಿಯ ಟೀವಿಯ ಮುಂದೆ ಅವನ ತಾಯಿ, ಹೆಂಡತಿ ಕೂತಿದ್ದರು. ಪರದೆಯ ಮೇಲೆ ಸೋಪು ಬಂದದ್ದೇ ನಾಗಜ್ಯೋತಿ ಓಣಿ ದಾಟಿ ಓಡಿಬಂದು ಪಲ್ಯ ತಿರುವಿ, ಗಂಡನ ಮುಖ ನೋಡದೆ ವಾಪಸ್ ಓಡಿದಳು.

“ಡಿಶ್ ಯಾವಾಗ ಹೊರ್ತಿ ಶಿವಕೃಷ್ಣ?” ರಾಮಲಕ್ಷ್ಮಿ ಒಳಗಿಂದಲೇ ಕೇಳಿದಳು. “ಪರವಾಲೇದು, ಕೋಳಿ ನೀರು ಕುಡಿದಾದ ಮ್ಯಾಲೇ ಹೊರು.”

ಅವನ ಮುಖ ಸಣ್ಣದಾಯಿತು. ನಾಚಿಕೆಗಿಂತ ದುಃಖವೇ ಹೆಚ್ಚಾಯಿತು. ತಾನು ಮಾಡಿದ್ದೂ ತನ್ನ ಮಾತಿನ ಹಾಗೆಯೇ, ಅರ್ಧಕ್ಕೆ ಬಿಟ್ಟು ಏಳುವಂಥದ್ದಾಯಿತಲ್ಲ ಎಂದು ಕೊರಗಿದ. ಆಮೇಲೆ ಬುದ್ಧಿ ಓಡಿತು. ಇವರಿಗೆ ಬೇಕಿರುವುದು ಯಾಡು ತಾನೆ? ಕೊಟ್ಟರಾಯಿತು. ಆದರೆ ಸೋಪಿನ ಜಾಹೀರಾತನ್ನು ಅವನ ಸ್ವಾಭಿಮಾನ ಒಪ್ಪಲಿಲ್ಲ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ಸರ್ವರನ್ನು ತಾನು ಹೇಗೆ ಕಟ್ಟಿದೆ, ಲಿನಕ್ಸಿನಿಂದ ಏನೇನು ಲಾಭ ಎಂದು ತಾನೇ ಮಾತಾಡಿ ರೆಕಾರ್ಡ್ ಮಾಡಿದ. ಸಿನಿಮಾಗಳನ್ನು ಅಲ್ಲಲ್ಲಿ ಕತ್ತರಿಸಿ, ನಡುನಡುವೆ ತನ್ನನ್ನು ಸೇರಿಸಿದ. ಸಿನಿಮಾ ಬೇಕೆಂದರೆ ಇವನ ಮಾತು ಕೇಳಲೇಬೇಕು, ಅಂಥ ಏರ್ಪಾಡು.

ಮರುಸಂಜೆ ಎಲ್ಲರನ್ನೂ ಕರೆದು ಕೂರಿಸಿದ. ಅವನು ಸೋತದ್ದನ್ನು ಕಣ್ಣಾರೆ ನೋಡಲು ರಾಮಲಕ್ಷ್ಮಿಯೂ ಬಂದಳು. ಮುನಿ ಶಾಪ ಕೊಡಲು ಕಮಂಡಲಕ್ಕೆ ಕೈ ಹಾಕಿದ. ಅಷ್ಟರಲ್ಲಿ ಪರದೆಯ ತುಂಬ ಶಿವಕೃಷ್ಣ ಬಂದ.

“ನಮಸ್ಕಾರ. ನಾನು ಶಿವಕೃಷ್ಣ. ಈ ಸರ್ವರ್…”

“ಯಾಡು ಬಂತು, ಏಳ್ರಿ,” ಎಂದಳು ಬಸವಕ್ಕ.

ಪಡಸಾಲೆ ಖಾಲಿಯಾಯಿತು. ನಾಗಜ್ಯೋತಿ ಒಲೆಯ ಕಡೆ, ಉಚ್ಚೀರಪ್ಪ ಕುರಿಗಳ ಕಡೆ, ರಾಮಲಕ್ಷ್ಮಿ ಕುಕ್ಕರ್ ಇಳಿಸಲು ತನ್ನ ಮನೆಯ ಕಡೆ. ತನ್ನ ಎದುರು ತಾನೊಬ್ಬನೇ ಕೂತು ಶಿವಕೃಷ್ಣ ಲಿನಕ್ಸಿನ ಲಾಭಗಳನ್ನು ಕೊನೆತನಕ ಕೇಳಿದ. ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ ಎಲ್ಲರೂ ವಾಪಸ್ ಬಂದು ಕೂತರು. ಡಿಶ್ಶಿನ ಮಾತು ಮರೆತು ರಾಮಲಕ್ಷ್ಮಿಯೂ ಬಂದಳು.

“ಸರ್ವರ್ ಈಗ ಚಲೋ ಆತು ನೋಡಪ,” ಎಂದಳು ಬಸವಕ್ಕ. “ಆದ್ರ ಇನ್ನಷ್ಟು ಉದ್ದ ಮಾತಾಡು. ಇಷ್ಟರಾಗ ಬದ್ನಿಕಾಯಿ ಬೇಯಂಗಿಲ್ಲ.”

ಇನ್ನಷ್ಟು ಮಾತಾಡು ಎಂದು ಆ ಮನೆಯಲ್ಲಿ ಯಾರೂ ಅವನಿಗೆ ಎಂದೂ ಹೇಳಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಮಾರನೆಯ ದಿನ ಮಿಲ್ಲಿಗೆ ರಜೆ ಹಾಕಿ, ಅದೇ ಬಿಳಿ ಅಂಗಿ ತೊಟ್ಟು, ಲಿನಕ್ಸ್ ಹುಟ್ಟಿದ ಕಾಲದಿಂದ ಹೇಳಲು ಶುರುಮಾಡಿದ.